ಈ ಫೋಟೋ ಹೇಗೆ ಸಿಕ್ಕಿತು ಅಂತ ನೀವು ಯಾಕೆ ಕೇಳುವುದಿಲ್ಲ?

ಮಾನ್ಯ ಸಂಪಾದಕರೇ, ಫೋಟೋ ಸ್ಪರ್ಧೆಗಳ ತೀರ್ಪುಗಾರರೇ,

ನಮಸ್ಕಾರ. ನಾನು ಕಾಡು, ಬೆಟ್ಟ, ಹೊಳೆದಂಡೆ ತಿರುಗಿ ಫೋಟೋ ತೆಗೆಯುವವನು. ಫೋಟೋ ಜೊತೆಗೆ ಲೇಖನವನ್ನೂ ಬರೆದು ಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಇಷ್ಟು ದಿನದಲ್ಲಿ ನಿಮ್ಮಂಥವರು ನನ್ನನ್ನು ಏನೇನೋ ಕೇಳಿದ್ದೀರಿ. ಇದರ ದೊಡ್ಡ ಫೈಲ್ ಇದೆಯಾ? ಅಡ್ಡ ಬೇಡ, ಮುಖಪುಟಕ್ಕೆ ಉದ್ದದ್ದು ಇದೆಯಾ? ಯಾವ ಲೆನ್ಸ್, ಶಟರ್ ಸ್ಪೀಡ್ ಎಷ್ಟು? ಸಂಜೆಯೊಳಗೆ ಆರುನೂರು ಪದ ಬರೆದು ಕೊಡ್ತೀರಾ? ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಲ್ಲ. "ಇದು ನಿಮಗೆ ಹೇಗೆ ಸಿಕ್ಕಿತು?"

ಕೇಳಿದ್ದರೆ ಒಂದು ಸಲವಾದರೂ ನಾನು ಸಿಕ್ಕಿಬೀಳುತ್ತಿದ್ದೆ.

ಹಳೆಯ ಮಾತು. ಎದೆಯೆತ್ತರದ ಪೊದೆಯೊಂದರಲ್ಲಿ ಪುಟ್ಟ ಹಕ್ಕಿ ಗೂಡು ಕಟ್ಟಿತ್ತು. ಒಳಗೆ ಮೂರು ಮರಿ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಹುಳ ತಂದು ಕೊಡುತ್ತಿದ್ದವು. ನಾನು ಕೂತ ಜಾಗದಿಂದ ಎಲ್ಲವೂ ಕಾಣುತ್ತಿತ್ತು, ಎರಡು ಸಣ್ಣ ರೆಂಬೆ ಮಾತ್ರ ಅಡ್ಡ. ಬ್ಯಾಗಿನಲ್ಲಿ ಕತ್ತರಿ ಇತ್ತು. ಹಕ್ಕಿ ಫೋಟೋ ತೆಗೆಯುವವನ ಬ್ಯಾಗಿನಲ್ಲಿ ಕತ್ತರಿಗೇನು ಕೆಲಸ ಅಂತ ಕೇಳಬೇಡಿ, ಆ ಕಾಲದಲ್ಲಿ ಸುಮಾರು ಜನರ ಬ್ಯಾಗಿನಲ್ಲಿ ಇರುತ್ತಿತ್ತು. ರೆಂಬೆ ಕತ್ತರಿಸಿದೆ. ಅರ್ಧ ಗಂಟೆಯಲ್ಲಿ ಬೇಕಾದ ಫೋಟೋ ಸಿಕ್ಕಿತು. ಮಾರನೇ ದಿನ ಹೋದಾಗ ಗೂಡು ಖಾಲಿ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ, ಹಾರಿಹೋಗಿರುವ ಮಾತೇ ಇಲ್ಲ. ಹಾವೋ, ಕಾಗೆಯೋ. ರೆಂಬೆ ಇದ್ದಿದ್ದರೂ ಹೀಗೇ ಆಗುತ್ತಿತ್ತೇನೋ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಫೋಟೋ ಒಂದು ಪತ್ರಿಕೆಯಲ್ಲಿ ಪೂರ್ತಿ ಪುಟಕ್ಕೆ ಬಂತು. ಸಂಪಾದಕರು ಫೋನ್ ಮಾಡಿ, "ಫ್ರೇಮ್ ಎಷ್ಟು ಕ್ಲೀನಾಗಿದೆ ಸರ್, ಒಂದು ಎಲೆಯೂ ಅಡ್ಡ ಇಲ್ಲ" ಎಂದು ಹೊಗಳಿದರು. ಅಡ್ಡ ಇದ್ದ ಎಲೆಗಳು ನನ್ನ ಕಾಲ ಬುಡದಲ್ಲಿ ಬಿದ್ದಿದ್ದವು. ನಾನು ಥ್ಯಾಂಕ್ಸ್ ಹೇಳಿದೆ.

ಅವರದ್ದು ತಪ್ಪು ಅನ್ನುತ್ತಿಲ್ಲ. ಕತ್ತರಿ ಹಿಡಿದವನು ನಾನು. ಆದರೆ ಅವತ್ತು ಅವರು ನನಗೆ ಒಂದು ಪಾಠವನ್ನೂ ಕಲಿಸಿದರು. ಎಲೆ ಅಡ್ಡ ಇರುವ ಫೋಟೋ ವಾಪಸ್ ಬರುತ್ತದೆ, ಎಲೆ ಇಲ್ಲದ್ದು ಪೂರ್ತಿ ಪುಟಕ್ಕೆ ಬರುತ್ತದೆ. ಎಲೆ ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಈ ಪಾಠವನ್ನು ನಮ್ಮ ಕಸುಬಿನ ಎಷ್ಟು ಜನ ಕಲಿತಿರಬಹುದು, ನೀವೇ ಯೋಚಿಸಿ.

ಗೂಡಿನ ಮುಂದಿನ ಎಲೆ ಹಕ್ಕಿಗೆ ಕೊಡೆಯೂ ಹೌದು, ಪರದೆಯೂ ಹೌದು. ಮೈಮೇಲೆ ಗರಿ ಬಾರದ ಮರಿಗೆ ನೇರ ಬಿಸಿಲು ಒಂದು ಮಧ್ಯಾಹ್ನ ಬಿದ್ದರೆ ಸಾಕು. ಪರದೆ ಸರಿದರೆ ಆ ಗೂಡು ನನ್ನ ಕ್ಯಾಮೆರಾಗೆ ಮಾತ್ರ ಕಾಣುವುದಿಲ್ಲ, ಕಾಗೆಗೂ ಕಾಣುತ್ತದೆ. ಇದು ಗೊತ್ತಿಲ್ಲದ ಫೋಟೋಗ್ರಾಫರ್ ಯಾರೂ ಇಲ್ಲ. ಗೊತ್ತಿದ್ದೂ ಮಾಡುತ್ತೇವೆ. ಯಾಕೆಂದರೆ ಅದರ ಲೆಕ್ಕ ಯಾರಿಗೂ ಕೊಡಬೇಕಾಗಿಲ್ಲ.

"ಪ್ರಾಣಿ ಹೆದರಲೇ ಇಲ್ಲ, ಆರಾಮಾಗಿ ಇತ್ತು" ಅನ್ನುವುದು ನಮ್ಮವರ ಇನ್ನೊಂದು ಮಾತು. ನಾನೂ ಹೇಳಿದ್ದೇನೆ. 2015ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕಪ್ಪು ಕರಡಿಗಳ ಮೈಯಲ್ಲಿ ಎದೆಬಡಿತ ಅಳೆಯುವ ಸಾಧನ ಇಟ್ಟು, ಮೇಲೆ ಡ್ರೋನ್ ಹಾರಿಸಿ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಹೆಚ್ಚಿನ ಸಲ ಕರಡಿ ಇದ್ದಲ್ಲೇ ಇತ್ತು. ಓಡಲಿಲ್ಲ. ಎದೆಬಡಿತ ಮಾತ್ರ ಜೋರಾಗಿ ಏರಿತ್ತು. ಅಂದರೆ ಕಣ್ಣಿಗೆ ಕಾಣುವ ಆರಾಮವನ್ನು ನಂಬುವ ಹಾಗಿಲ್ಲ. 2018ರಲ್ಲಿ ರಷ್ಯಾದ ಒಂದು ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು, ನೆನಪಿರಬಹುದು. ಹಿಮ ತುಂಬಿದ ಕಡಿದಾದ ಇಳಿಜಾರು. ತಾಯಿ ಕರಡಿ ಹತ್ತಿ ಹೋಗಿದೆ. ಮರಿ ಜಾರುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಜಾರುತ್ತದೆ. ಕೊನೆಗೆ ಹೇಗೋ ಮೇಲೆ ಸೇರುತ್ತದೆ. "ಛಲ ಅಂದರೆ ಇದು" ಎಂದು ಜನ ಕಣ್ಣೀರು ಹಾಕಿ ಹಂಚಿಕೊಂಡರು. ಅದನ್ನು ತೆಗೆದದ್ದು ಡ್ರೋನ್. ತಾಯಿ ಮರಿಗೆ ಅಂಥ ಅಪಾಯದ ದಾರಿ ಹಿಡಿಸಿದ್ದು ಆ ಡ್ರೋನಿನ ಭಯದಿಂದಲೇ ಇರಬೇಕು ಎಂದು ವನ್ಯಜೀವಿ ತಜ್ಞರು ಆಮೇಲೆ ಹೇಳಿದರು. ಆ ಮಾತು ವಿಡಿಯೋದಷ್ಟು ದೂರ ಹೋಗಲಿಲ್ಲ.

ಈಗ ನೇರವಾಗಿ ತೀರ್ಪುಗಾರರ ವಿಷಯಕ್ಕೆ ಬರುತ್ತೇನೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿವರ್ಷ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆ ನಮ್ಮ ಕಸುಬಿನಲ್ಲಿ ಬಹಳ ದೊಡ್ಡದು. 2009ರಲ್ಲಿ ಅಲ್ಲಿ ಗೆದ್ದದ್ದು ರಾತ್ರಿ ಹೊತ್ತು ಮರದ ಗೇಟು ಹಾರುತ್ತಿರುವ ಒಂದು ತೋಳ. ಅದ್ಭುತ ಫೋಟೋ, ಇವತ್ತಿಗೂ ನನಗೆ ಇಷ್ಟ. 2010ರ ಜನವರಿಯಲ್ಲಿ ಅದನ್ನು ಸ್ಪರ್ಧೆಯಿಂದ ಹೊರಗೆ ಹಾಕಿದರು. ಆ ತೋಳ ಕಾಡಿನದ್ದಲ್ಲ, ಪಳಗಿಸಿದ್ದು ಇರಬೇಕು ಎಂಬ ತೀರ್ಮಾನಕ್ಕೆ ತೀರ್ಪುಗಾರರು ಬಂದಿದ್ದರು. ಮತ್ತೆ 2017ರಲ್ಲಿ ಅದೇ ಸ್ಪರ್ಧೆಯ ಒಂದು ವಿಭಾಗ. ಬ್ರೆಜಿಲಿನ ಒಂದು ರಾಷ್ಟ್ರೀಯ ಉದ್ಯಾನ, ರಾತ್ರಿ ಮಿನುಗುವ ಗೆದ್ದಲಿನ ಹುತ್ತ, ಅದರ ಬಳಿಗೆ ಬಂದ ಇರುವೆಭಕ್ಷಕ. 2018ರಲ್ಲಿ ಐವರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದರು. ಫೋಟೋದಲ್ಲಿರುವ ಪ್ರಾಣಿಗೂ, ಅದೇ ಉದ್ಯಾನದ ಪ್ರವಾಸಿ ಕೇಂದ್ರದಲ್ಲಿ ಹುಲ್ಲು ತುಂಬಿಸಿ ಇಟ್ಟ ಇರುವೆಭಕ್ಷಕಕ್ಕೂ ಮೈಮೇಲಿನ ಗುರುತು, ಕೂದಲು, ನಿಂತ ಭಂಗಿ ಎಲ್ಲ ತಾಳೆಯಾಗುತ್ತಿತ್ತು. ಬಹುಮಾನ ವಾಪಸ್. ಎರಡೂ ಸಲ ಫೋಟೋಗ್ರಾಫರ್‌ಗಳು ಆರೋಪವನ್ನು ಒಪ್ಪಲಿಲ್ಲ. ಅದನ್ನೂ ಇಲ್ಲಿ ಹೇಳಬೇಕು.

ನನ್ನನ್ನು ಕಾಡುವುದು ಅವರು ಮಾಡಿದ್ದು ಸರಿಯೋ ತಪ್ಪೋ ಎನ್ನುವುದಲ್ಲ. ಎರಡೂ ಸಲ ಅನುಮಾನ ಹುಟ್ಟಿದ್ದು ಬಹುಮಾನ ಕೊಟ್ಟ ಮೇಲೆ, ಹೊರಗಿನವರ ಮಾತಿನಿಂದ. ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಮೂಲ ಫೈಲ್ ಕೇಳುವ ಕಾಲ ಇದು. ಕಂಪ್ಯೂಟರಿನಲ್ಲಿ ಏನಾದರೂ ಅಂಟಿಸಿದ್ದೀರಾ ಅಂತ ಆ ಫೈಲ್ ಹೇಳುತ್ತದೆ. ಕಾಡಿನಲ್ಲಿ ಏನಾದರೂ ತಂದು ಇಟ್ಟಿದ್ದೀರಾ ಅಂತ ಹೇಳುವುದಿಲ್ಲ. ಹುಲ್ಲು ತುಂಬಿದ ಪ್ರಾಣಿಯ ರಾ ಫೈಲೂ ಅಪ್ಪಟವೇ. ನನ್ನ ಗೂಡಿನ ರಾ ಫೈಲೂ ಅಷ್ಟೇ ಅಪ್ಪಟ.

ಇಂಥ ಸುಳ್ಳು ಎಷ್ಟು ವರ್ಷ ಬಾಳುತ್ತದೆ ಗೊತ್ತಾ? ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಸಾಯುತ್ತವೆ ಎಂದು ಇವತ್ತಿಗೂ ಜನ ನಂಬುತ್ತಾರೆ. ಆ ನಂಬಿಕೆಯನ್ನು ಮನೆಮನೆಗೆ ತಲುಪಿಸಿದ್ದು 1958ರ ಡಿಸ್ನಿಯ ಒಂದು ಸಾಕ್ಷ್ಯಚಿತ್ರ. ಅದಕ್ಕೆ ಆಸ್ಕರ್ ಕೂಡ ಬಂತು. 1982ರಲ್ಲಿ ಕೆನಡಾದ ಟಿವಿಯವರು ಕೆದಕಿ ನೋಡಿದರೆ, ಚಿತ್ರೀಕರಣ ನಡೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಲೆಮ್ಮಿಂಗ್‌ಗಳನ್ನು ಬೇರೆ ಕಡೆಯಿಂದ ಕೊಂಡು ತಂದಿದ್ದರು. ಅಂಚಿನಿಂದ ಕೆಳಗೆ ಬೀಳಿಸಿದ್ದೂ ಮನುಷ್ಯರೇ. ಗುಟ್ಟು ಹೊರಬಿದ್ದು ನಲವತ್ತು ವರ್ಷ ದಾಟಿದೆ. ಕತೆ ಮಾತ್ರ ಇನ್ನೂ ಓಡುತ್ತಿದೆ.

ಈಗಿನವು ಅಷ್ಟು ದೊಡ್ಡವಲ್ಲ, ಸಣ್ಣ ಸಣ್ಣವು. ಕಪ್ಪೆ ಜೀರುಂಡೆಯ ಮೇಲೆ ಸವಾರಿ ಮಾಡುತ್ತಿದೆ. ಕಪ್ಪೆ ಎಲೆಯನ್ನು ಕೊಡೆಯಂತೆ ಹಿಡಿದಿದೆ. ಐದು ಕಪ್ಪೆ ಸಾಲಾಗಿ ಕುಳಿತು ಬಾಯಿ ತೆರೆದು ನಗುತ್ತಿವೆ. ರಾತ್ರಿ ಓಡಾಡುವ ಕಪ್ಪೆ ಹಗಲು ಬೆಳಕಿನಲ್ಲಿ ಹೀಗೆಲ್ಲ ಕೂರುತ್ತದಾ ಅಂತ ಒಂದು ನಿಮಿಷ ಯೋಚಿಸಿದರೆ ಸಾಕು. ಇನ್ನು ಹಿಮದ ಮೇಲೆ ರೆಕ್ಕೆ ಬಿಚ್ಚಿ, ಉಗುರು ಚಾಚಿ, ನೇರ ಕ್ಯಾಮೆರಾ ಕಡೆಗೇ ಹಾರಿ ಬರುವ ಗೂಬೆ. ಎಲ್ಲ ಫೋಟೋದಲ್ಲೂ ಗೂಬೆ ಕ್ಯಾಮೆರಾ ಕಡೆಗೇ ಯಾಕೆ ಬರುತ್ತದೆ? ಬಹಳ ಸಲ ಕ್ಯಾಮೆರಾ ಮುಂದೆ ಯಾರೋ ಜೀವಂತ ಇಲಿ ಬಿಟ್ಟಿರುತ್ತಾರೆ. ಮನುಷ್ಯ ಅಂದರೆ ಊಟ ಎಂದು ಕಲಿತ ಗೂಬೆ ರಸ್ತೆ ಬದಿಗೆ ಬರುತ್ತದೆ, ವಾಹನಕ್ಕೆ ಸಿಗುತ್ತದೆ. ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿಯನ್ನು ಕರೆಸುವುದೂ ಇದೇ ಜಾತಿಯ ಕೆಲಸ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದು ಅದು ಮೇವು ಬಿಟ್ಟು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಅದೇ ಜಾಗಕ್ಕೆ ದಿನಕ್ಕೆ ಹತ್ತು ಜನ ಹೋಗಿ ಹತ್ತು ಸಲ ಹಾಕಿದರೆ ಅದರ ಗತಿ ಏನು?

ಸಾಕಿದ ಪ್ರಾಣಿಯ ಫೋಟೋ ತೆಗೆಯುವುದೇ ಪಾಪ ಅನ್ನುವವನಲ್ಲ ನಾನು. ಎಷ್ಟೋ ಸೂಕ್ಷ್ಮ ಕೆಲಸಕ್ಕೆ ಅದೇ ಒಳ್ಳೆಯ ದಾರಿ. ಕಾಡಿನದ್ದಕ್ಕೆ ತೊಂದರೆಯಿಲ್ಲ. "ಮೃಗಾಲಯದಲ್ಲಿ ತೆಗೆದದ್ದು" ಅಂತ ಕೆಳಗೆ ಬರೆದರೆ ಮುಗಿಯಿತು. ಬರೆಯಲು ನಾಚಿಕೆ ಅನ್ನಿಸಿದರೆ ಆ ಫೋಟೋ ಕೊಡಬಾರದು, ಅಷ್ಟೇ.

ಇನ್ನು ಬರೆಯುವವರ ವಿಷಯ. ಇಲ್ಲಿ ಕತ್ತರಿ ಕಾಣುವುದಿಲ್ಲ, ಆದರೆ ಇರುತ್ತದೆ. "ಹೋಗುವುದು ಹೇಗೆ?" ಎಂಬ ಚೌಕಾಕಾರದ ಬಾಕ್ಸ್ ಇಲ್ಲದೆ ನೀವು ನಮ್ಮ ಲೇಖನ ತೆಗೆದುಕೊಳ್ಳುವುದಿಲ್ಲ. ಆ ಬಾಕ್ಸ್ ಎಷ್ಟು ಜಾಗಗಳನ್ನು ಹಾಳು ಮಾಡಿದೆ ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಹೈಪೀರಿಯನ್ ಎಂಬ ಮರವಿದೆ. ಸುಮಾರು 116 ಮೀಟರ್ ಎತ್ತರ. ಗೊತ್ತಿರುವ ಮರಗಳಲ್ಲಿ ಇದಕ್ಕಿಂತ ಎತ್ತರದ್ದು ಇಲ್ಲ. 2006ರಲ್ಲಿ ಇದು ಸಿಕ್ಕಾಗ ಜಾಗವನ್ನು ಗುಟ್ಟಾಗಿ ಇಟ್ಟಿದ್ದರು. ಗುಟ್ಟು ನಿಲ್ಲಲಿಲ್ಲ. ಬರೆಯುವವರು ಬರೆದರು, ತಿರುಗುವವರು ಗುರುತು ಹಾಕಿದರು. ಅಲ್ಲಿಗೆ ದಾರಿಯೇ ಇಲ್ಲ, ಆದ್ದರಿಂದ ಬಂದವರೆಲ್ಲ ತಮ್ಮದೇ ದಾರಿ ಮಾಡಿಕೊಂಡು ಹೋದರು. ಬುಡದಲ್ಲಿ ನೆಲ ಗಟ್ಟಿಯಾಯಿತು, ಜರೀಗಿಡ ಬೆಳೆಯುವುದು ನಿಂತಿತು. 2022ರಲ್ಲಿ ಅಲ್ಲಿಗೆ ಯಾರೂ ಹೋಗಬಾರದು ಎಂದಾಯಿತು. ಹೋದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಆಸ್ಟ್ರೇಲಿಯಾದ ವೊಲ್ಲೆಮಿ ಪೈನ್ ಎಂಬ ಮರದ ಕತೆ ಇನ್ನೂ ಬೇಸರದ್ದು. ಕೋಟಿಗಟ್ಟಲೆ ವರ್ಷದ ಹಿಂದಿನ ವಂಶ. 1994ರಲ್ಲಿ ಸಿಕ್ಕಿತು. ಕಾಡಿನಲ್ಲಿ ಬೆಳೆದು ನಿಂತ ಮರಗಳು ನೂರೂ ಇಲ್ಲ. ಜಾಗ ಗುಟ್ಟಾಗಿಯೇ ಇದೆ. ಆದರೂ 2005ರಲ್ಲಿ ಅಲ್ಲಿನ ಮರಗಳಿಗೆ ಬೇರು ಕೊಳೆಸುವ ರೋಗ ತಗುಲಿರುವುದು ಗೊತ್ತಾಯಿತು. ಅನುಮತಿಯಿಲ್ಲದೆ ಹೋದವರ ಬೂಟಿನ ಮಣ್ಣಿನ ಜೊತೆ ಬಂದಿರಬೇಕು ಎಂಬ ಅನುಮಾನ. ಕೊಡಲಿ ಬೇಡ, ಬೆಂಕಿ ಬೇಡ, ಮರ ನೋಡಬೇಕೆಂಬ ಆಸೆಯಿಂದ ಹೋದ ಒಬ್ಬನ ಬೂಟು ಸಾಕು.

ಆಸೆಯವರು ಮಾತ್ರ ಓದುತ್ತಾರೆ ಅಂದುಕೊಳ್ಳಬೇಡಿ. ಚೀನಾದ ಒಂದು ಹಲ್ಲಿಗೆ 1999ರಲ್ಲಿ ಗೊನಿಯೂರೊಸಾರಸ್ ಲೂಯಿ ಎಂಬ ಹೊಸ ಹೆಸರಿಟ್ಟು ವಿಜ್ಞಾನಿಗಳು ವಿವರ ಬರೆದರು. ಎಲ್ಲಿ ಸಿಕ್ಕಿತು ಎಂಬುದೂ ಅದರಲ್ಲಿತ್ತು. ಸಾಕಲು ಹಿಡಿದು ಮಾರುವವರು ಅದನ್ನೇ ಓದಿಕೊಂಡು ಹೋದರು. ಸ್ವಲ್ಪ ವರ್ಷದಲ್ಲಿ ಆ ಜಾಗದಲ್ಲಿ ಹಲ್ಲಿಯೇ ಉಳಿದಿಲ್ಲ ಎಂದು ವಿಜ್ಞಾನಿಗಳು ಬರೆಯಬೇಕಾಯಿತು. ಇದು ವಿಜ್ಞಾನದ ಲೇಖನ, ನಾಲ್ಕು ಜನ ಓದುವಂಥದ್ದು. ನಮ್ಮದನ್ನು ಸಾವಿರಾರು ಜನ ಓದುತ್ತಾರೆ. ಫೋಟೋ ಫೈಲಿನ ಒಳಗೆ ಕ್ಯಾಮೆರಾ ಬರೆದಿಟ್ಟ ಅಕ್ಷಾಂಶ ರೇಖಾಂಶ ಬೇರೆ ಇರುತ್ತದೆ. ಅದನ್ನು ಅಳಿಸದೆ ಹಾಗೇ ಜಾಲತಾಣಕ್ಕೆ ಹಾಕುವ ಪತ್ರಿಕೆಗಳು ಇವತ್ತಿಗೂ ಇವೆ. ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣ ಕೂಡ ಅಪಾಯದಲ್ಲಿರುವ ಜೀವಿಯ ಫೋಟೋ ಹಾಕಿದರೆ ಸರಿಯಾದ ಬಿಂದು ತೋರಿಸುವುದಿಲ್ಲ. ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ. ಇಷ್ಟು ಮಾಡಲು ನಮಗೇನು ಕಷ್ಟ?

ಹಾಗಂತ ಎಲ್ಲವನ್ನೂ ಮುಚ್ಚಿಡಿ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಈ ವಿಷಯದಲ್ಲಿ ನಮ್ಮವರಲ್ಲೇ ಜಗಳವಿದೆ. ಯಾರಿಗೂ ಗೊತ್ತಿಲ್ಲದ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿದರೆ ಅಳುವವರೂ ಇರುವುದಿಲ್ಲ. ಜನರಿಗೆ ಗೊತ್ತಾಗಬೇಕು, ಇಷ್ಟವಾಗಬೇಕು, ಆಗಲೇ ಅದರ ಪರ ನಿಲ್ಲುತ್ತಾರೆ. ಜೊತೆಗೆ, "ನಾನು ನೋಡಿಯಾಯಿತು, ನೀವು ಬರಬೇಡಿ" ಅನ್ನುವುದರಲ್ಲಿ ಒಂದು ಕೊಬ್ಬೂ ಇದೆ. ನನಗೆ ತೋಚುವ ಗೆರೆ ಇಷ್ಟು. ದಾರಿ, ಕಾವಲು, ಶೌಚಾಲಯ ಇರುವ, ಜನರನ್ನು ತಾಳಿಕೊಳ್ಳುವ ಜಾಗವಾದರೆ ಧಾರಾಳವಾಗಿ ಬರೆಯೋಣ. ಗೂಡು, ಗವಿ, ಒಂಟಿ ಮರ, ಅಪರೂಪದ ಆರ್ಕಿಡ್, ಹಿಡಿದು ಮಾರಲಾಗುವ ಪ್ರಾಣಿ ಆದರೆ ಜಿಲ್ಲೆಯ ಹೆಸರೂ ಬೇಡ. ನಡುವಿನವಕ್ಕೆ ಅಲ್ಲಿಯ ಜನರನ್ನೇ ಕೇಳೋಣ. ಐಸ್‌ಲ್ಯಾಂಡಿನಲ್ಲಿ ಒಂದು ಕಣಿವೆ ಇದೆ, ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ. 2015ರಲ್ಲಿ ಒಬ್ಬ ಪ್ರಸಿದ್ಧ ಗಾಯಕನ ವಿಡಿಯೋದಲ್ಲಿ ಅದು ಕಾಣಿಸಿಕೊಂಡಿತು. ಜನ ಮುಗಿಬಿದ್ದರು. ಕಾಲ್ತುಳಿತಕ್ಕೆ ಪಾಚಿ, ಗಿಡ ಎದ್ದುಹೋಗಿ 2019ರಲ್ಲಿ ಕೆಲವು ತಿಂಗಳು ಮುಚ್ಚಬೇಕಾಯಿತು. ಅಲ್ಲಿಯವರನ್ನು ಮೊದಲೇ ಕೇಳಿದ್ದರೆ ಒಂದು ಕಾಲುದಾರಿ, ಒಂದು ಬೇಲಿ ಮಾಡಿಕೊಳ್ಳುತ್ತಿದ್ದರೇನೋ.

ಗಾಳ ಹಾಕುವ ಹವ್ಯಾಸದ ಬಗ್ಗೆ ಬರೆಯುವವರಿಗೂ ಒಂದು ಮಾತು. ಮೀನು ಹಿಡಿದು ಮತ್ತೆ ನೀರಿಗೆ ಬಿಡುವುದನ್ನು ದಯೆಯ ಆಟ ಅನ್ನುತ್ತೇವೆ. ಬಿಡುವ ಮುನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೋ. ಕೂದಲು ಸರಿಮಾಡಿಕೊಂಡು ಇನ್ನೊಂದು ಫೋಟೋ. 1992ರಲ್ಲಿ ಇಬ್ಬರು ಸಂಶೋಧಕರು ದಣಿದ ರೇನ್‌ಬೋ ಟ್ರೌಟ್ ಮೀನುಗಳ ಮೇಲೆ ಪ್ರಯೋಗ ಮಾಡಿದರು. ಗಾಳಿಗೆ ಹಿಡಿಯದೆ ಹಾಗೇ ಬಿಟ್ಟವುಗಳಲ್ಲಿ 12 ಗಂಟೆಯೊಳಗೆ ಸತ್ತದ್ದು ಶೇಕಡಾ 12. ಅರ್ಧ ನಿಮಿಷ ನೀರಿನಿಂದ ಹೊರಗಿಟ್ಟವುಗಳಲ್ಲಿ ಶೇಕಡಾ 38. ಒಂದು ನಿಮಿಷ ಇಟ್ಟವುಗಳಲ್ಲಿ ಶೇಕಡಾ 72. ಇದು ತೊಟ್ಟಿಯ ಲೆಕ್ಕ, ಹೊಳೆಯಲ್ಲಿ ಇಷ್ಟೇ ಆಗಬೇಕೆಂದಿಲ್ಲ. ಆದರೂ ಆ ಎರಡನೇ ಫೋಟೋ ಬೇಕಿತ್ತಾ? ನೀವು ಅಂಥ ಫೋಟೋ ಕೇಳುವುದನ್ನು ನಿಲ್ಲಿಸಿದರೆ ಅವರು ಎತ್ತಿ ಹಿಡಿಯುವುದನ್ನೂ ನಿಲ್ಲಿಸುತ್ತಾರೆ.

ದುಡ್ಡಿನ ವಿಷಯ ಚಿಕ್ಕದು. ಪ್ರವಾಸ ಯಾರ ಖರ್ಚಿನಲ್ಲಿ ಆಯಿತು, ಕೊನೆಯಲ್ಲಿ ಒಂದು ಸಾಲು ಹಾಕಿ. ಬೂಟು, ಟೆಂಟು, ಬೈನಾಕ್ಯುಲರ್ ಪುಕ್ಕಟೆ ಬಂದಿದ್ದರೆ ಅದನ್ನೂ ಹಾಕಿ. ಓದುವವರು ದಡ್ಡರಲ್ಲ, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಅದಕ್ಕಿಂತ ನನಗೆ ಜಾಸ್ತಿ ಚುಚ್ಚುವುದು "ಒಂಟಿಯಾಗಿ ಕಾಡಿನಲ್ಲಿ ನಡೆದೆ" ಎಂಬ ಸಾಲು. ಎಷ್ಟು ಲೇಖನದಲ್ಲಿ ಓದಿಲ್ಲ! ಲೇಖಕರ ಹಿಂದೆ ಸಾಮಾನು ಹೊತ್ತವನೊಬ್ಬ, ಮುಂದೆ ಹೆಜ್ಜೆ ಗುರುತು ನೋಡಿ ದಾರಿ ತೋರಿಸಿದವನೊಬ್ಬ. ಪ್ರಾಣಿಯನ್ನು ಮೊದಲು ನೋಡಿದವನೂ ಅವನೇ, "ಇಲ್ಲಿ ಕೂರಿ, ಇನ್ನು ಹತ್ತಿರ ಹೋಗಬೇಡಿ" ಎಂದವನೂ ಅವನೇ. ಫೋಟೋ ಕೆಳಗೆ ಹೆಸರು ಮಾತ್ರ ನಮ್ಮದು. ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೂ ಹಾಕಿ. ನನ್ನ ಹಳೆಯ ಲೇಖನ ತೆಗೆದು ನೋಡಿದರೆ ನಾನೂ ಬಹಳ "ಒಂಟಿಯಾಗಿ" ನಡೆದಿದ್ದೇನೆ.

ನೀತಿಸಂಹಿತೆಗೆ ನಮ್ಮಲ್ಲಿ ಬರವೇನಿಲ್ಲ. ಹೊರಾಂಗಣ ಬರಹಗಾರರ ಸಂಘ ಅಮೆರಿಕದಲ್ಲಿ 1927ರಲ್ಲೇ ಶುರುವಾಯಿತು, ಅದಕ್ಕೂ ಒಂದು ಸಂಹಿತೆ ಇದೆ. ಪ್ರಕೃತಿ ಫೋಟೋಗ್ರಾಫರ್‌ಗಳ ಸಂಘಗಳಿಗೂ ಇದೆ. ಎಲ್ಲ ಗೋಡೆಗೆ ತೂಗುಹಾಕಿದ ಹಾಗೆ ಇವೆ. ನಮ್ಮ ಕೈ ಹಿಡಿದು ನಿಲ್ಲಿಸುವುದು ನಿಮ್ಮ ಅರ್ಜಿ ಫಾರಂ ಮಾತ್ರ. ಅದರಲ್ಲಿ ಲೆನ್ಸ್ ಯಾವುದು ಎಂದು ಕೇಳುವ ಕಡೆ ಇನ್ನೊಂದು ಖಾಲಿ ಜಾಗ ಬಿಡಿ. ಪ್ರಾಣಿ ಕಾಡಿನದ್ದೋ ಸಾಕಿದ್ದೋ, ಆಮಿಷ ಅಥವಾ ಕೂಗು ಬಳಸಿದಿರಾ, ಏನಾದರೂ ಕತ್ತರಿಸಿದಿರಾ, ಸರಿಸಿದಿರಾ, ಜೊತೆಗೆ ಯಾರಿದ್ದರು, ಜಾಗ ಹೇಳಬಹುದಾ ಎಂದು ಬರೆಸಿಕೊಳ್ಳಿ. ಚಿತ್ರ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ್ದೋ ಎಂಬುದನ್ನೂ ಈಗ ಕೇಳಲೇಬೇಕು. ಸುಳ್ಳು ಹೇಳುವವರು ಹೇಳುತ್ತಾರೆ, ಗೊತ್ತು. ಆದರೆ ಸುಮ್ಮನಿರುವುದಕ್ಕೂ ಸುಳ್ಳು ಬರೆದು ಸಹಿ ಹಾಕುವುದಕ್ಕೂ ವ್ಯತ್ಯಾಸವಿದೆ. ನಮ್ಮಲ್ಲಿ ಹೆಚ್ಚಿನವರು ಸುಮ್ಮನಿರುವ ಜಾತಿ.

ಇದರಲ್ಲೊಂದು ತೊಡಕಿದೆ. ನಾಳೆ ಒಬ್ಬ ಹುಡುಗಿ ನಿಜ ಬರೆಯುತ್ತಾಳೆ, "ಎರಡು ಸಲ ಕೂಗು ಹಾಕಿದ್ದೆ" ಅಂತ. ನೀವು ಅವಳ ಫೋಟೋ ಪಕ್ಕಕ್ಕೆ ಸರಿಸುತ್ತೀರಿ. ಪಕ್ಕದವನು ಇಪ್ಪತ್ತು ಸಲ ಹಾಕಿ ಏನೂ ಬರೆಯುವುದಿಲ್ಲ. ಅವನದ್ದು ಮುಖಪುಟ. ಮುಂದಿನ ವರ್ಷದಿಂದ ಅವಳೂ ಬರೆಯುವುದಿಲ್ಲ. ಹಾಗಾಗಿ ಯಾವುದು ಎಂದಿಗೂ ಬೇಡ, ಯಾವುದನ್ನು ಹೇಳಿದರೆ ಸಾಕು ಎಂಬುದನ್ನು ಮೊದಲೇ ಪ್ರಕಟಿಸಿ. ಹೇಳಿದ್ದನ್ನು ಫೋಟೋ ಜೊತೆ ಅಚ್ಚು ಹಾಕಿ. ಹೇಳದವರಿಗೆ ಫೋನ್ ಮಾಡಿ.

ಮುಂದಿನ ವಾರ ನಿಮ್ಮಲ್ಲಿ ಕೆಲವರಿಗೆ ನನ್ನದೊಂದು ಫೋಟೋ ಬರುತ್ತದೆ. ಗೂಡಿನದ್ದಲ್ಲ. ಕೊಂಬೆಯ ಮೇಲೆ ಕೂತ ಹಕ್ಕಿ, ಬಾಯಲ್ಲಿ ಹುಳ. ಬೆಳಕು ಚೆನ್ನಾಗಿದೆ. ಒಂದು ಎಲೆ ಅಡ್ಡ ಬಂದು ಅದರ ಅರ್ಧ ಮುಖ ಮುಚ್ಚಿದೆ. ಹೇಗೆ ತೆಗೆದೆ, ಎಷ್ಟು ದೂರದಿಂದ, ಜೊತೆಗೆ ಯಾರಿದ್ದರು ಎಂದು ಕೆಳಗೆ ಆರು ಸಾಲು ಬರೆದಿದ್ದೇನೆ. ಹಾಕುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಹಾಕಿದರೆ ಆರು ಸಾಲನ್ನು ಮಾತ್ರ ಕತ್ತರಿಸಬೇಡಿ.

ಇಂತಿ,
ನಿಮ್ಮ ಪುಟಗಳಿಗೆ ಬಹಳ ವರ್ಷದಿಂದ ಫೋಟೋ ಕಳಿಸುತ್ತಿರುವ ಒಬ್ಬ